ಒರೆಗಲ್ಲಿಗೆ ಸಿಗದ ಕಲಬೆರಕೆ

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿರುವ ಸಿರಸಂಗಿ ಎರಡು ಕಾರಣಗಳಿಂದ ನಾಡಿಗೆ ಪರಿಚಿತ. ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ಈ ಊರಿನವರು ಎಂಬುದು ಒಂದು. ಇಲ್ಲಿಯ ಕಾಳಮ್ಮನ ಗುಡಿ ಇನ್ನೊಂದು. ವಿಶ್ವಕರ್ಮ ಸಮಾಜದ ಅನೇಕ ಮನೆತನಗಳಿಗೆ ಈ ಕಾಳಿಕಾದೇವಿಯೇ ಮನೆದೇವರು. ಯುಗಾದಿಯ ಹೊತ್ತಿನ ಜಾತ್ರೆಗೆ ಪತ್ತಾರರು, ಬಡಿಗೇರರು, ಕಮ್ಮಾರರು, ಕಂಚುಗಾರರು, ಕಲ್ಲುಕೆಲಸದವರು ದೂರದೂರದಿಂದ ಬಂದು ಸೇರುತ್ತಾರೆ. ಬೆಂಕಿ, ಲೋಹ, ಕಲ್ಲು, ಕಟ್ಟಿಗೆಗಳೊಡನೆ ಬಾಳುವ ಜನರ ಜಾತ್ರೆ ಇದು.

ಈ ಜನರಲ್ಲಿ ಪತ್ತಾರರ, ಎಂದರೆ ಅಕ್ಕಸಾಲಿಗರ, ಕಸುಬಿಗೆ ಒಂದು ವಿಶೇಷವಿದೆ. ಬಡಿಗೇರ ಮಾಡಿದ ಬಾಗಿಲು ನೆಟ್ಟಗಿದೆಯೇ ಎಂದು ಯಾರು ಬೇಕಾದರೂ ಕಣ್ಣಿಟ್ಟು ನೋಡಬಹುದು. ಪತ್ತಾರ ಮಾಡಿದ ಸರದಲ್ಲಿ ಬಂಗಾರವೆಷ್ಟು, ತಾಮ್ರವೆಷ್ಟು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಅವನ ಪೆಟ್ಟಿಗೆಯಲ್ಲಿ ಮೂಸೆ, ಊದುಗೊಳವೆ, ಚಿಮಟಗಳ ಜೊತೆಗೆ ಒಂದು ಕರಿಯ ಕಲ್ಲೂ ಇರುತ್ತದೆ. ಬಂಗಾರವನ್ನು ಆ ಕಲ್ಲಿಗೆ ತಿಕ್ಕಿ, ಬಿದ್ದ ಗೆರೆಯ ಬಣ್ಣವನ್ನು ಗೊತ್ತಿರುವ ಬಂಗಾರದ ಗೆರೆಯೊಡನೆ ಹೋಲಿಸಿ, ಮೇಲೆ ಒಂದು ಹನಿ ಆಸಿಡ್ ಬಿಟ್ಟು ನೋಡಿದರೆ ಕಲಬೆರಕೆ ಹೊರಬೀಳುತ್ತದೆ. ನುರಿತ ಕಣ್ಣಿದ್ದರೆ ನೂರರಲ್ಲಿ ಒಂದೆರಡು ಪಾಲಿನ ವ್ಯತ್ಯಾಸವನ್ನೂ ಈ ಗೆರೆ ಹೇಳಬಲ್ಲದು.

ಇಂದು ಗಣಕಯಂತ್ರದ ಚಿಪ್ ತಯಾರಿಸುವ ಕಾರ್ಖಾನೆಗಳು ಎದುರಿಸುತ್ತಿರುವುದೂ ಪತ್ತಾರನ ಪ್ರಶ್ನೆಯನ್ನೇ. ಆದರೆ ಎರಡು ತೊಡಕುಗಳಿವೆ. ಅಲ್ಲಿ ಕಲಬೆರಕೆ ಹುಡುಕಬೇಕಾದದ್ದು ನೂರರಲ್ಲಿ ಒಂದಲ್ಲ, ನೂರು ಕೋಟಿಯಲ್ಲಿ ಒಂದು. ಹುಡುಕಬೇಕಾದ ವಸ್ತುವೂ ಲೋಹವಲ್ಲ, ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಗಾಳಿಯನ್ನು ಯಾವ ಕಲ್ಲಿಗೆ ತಿಕ್ಕುವುದು? ಕಳೆದ ಒಂದೂವರೆ ಎರಡು ಶತಮಾನಗಳಲ್ಲಿ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉತ್ತರಗಳ ಕಥೆ ಸ್ವಾರಸ್ಯವಾಗಿದೆ. ಅದು ಒಂದು ಸುತ್ತು ಹಾಕಿ ಮತ್ತೆ ಪತ್ತಾರನ ಅಗ್ಗಿಷ್ಟಿಕೆಯ ಬಳಿಗೇ ಬರುವುದರಿಂದ ನಮ್ಮ ಓದುಗರಿಗೆ ಹೇಳತಕ್ಕದ್ದೂ ಹೌದು.

ಮೊದಲು ಒರೆಗಲ್ಲಿನ ವಿಷಯವನ್ನೇ ಸ್ವಲ್ಪ ನೋಡೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರಷ್ಟೆ. ಆ ಗ್ರಂಥದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗವಿದೆ. ಶುದ್ಧ ಬಂಗಾರಕ್ಕೆ ತಾಮ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ಬೆರೆಸಿ ಹದಿನಾರು ಮಾದರಿಗಳನ್ನು ಇಟ್ಟುಕೊಳ್ಳಬೇಕು, ಪರೀಕ್ಷೆಗೆ ಬಂದ ಬಂಗಾರದ ಗೆರೆಯನ್ನು ಅವುಗಳ ಗೆರೆಯೊಡನೆ ಹೋಲಿಸಬೇಕು ಎಂಬ ವಿವರ ಅಲ್ಲಿದೆ. ಕಳಿಂಗದ ಅಥವಾ ತಾಪಿ ತೀರದ, ಹೆಸರುಕಾಳಿನ ಬಣ್ಣದ ಕಲ್ಲು ಶ್ರೇಷ್ಠವಂತೆ. ಗೆರೆಗೆ ಹೆಚ್ಚು ಮೆರುಗು ಕೊಡುವ ಕಲ್ಲು ಮಾರುವವನಿಗೆ ಅನುಕೂಲ, ಮೆರುಗು ತಗ್ಗಿಸುವ ಕಲ್ಲು ಕೊಳ್ಳುವವನಿಗೆ ಅನುಕೂಲ ಎಂದೂ ಆ ಗ್ರಂಥಕಾರ ಬರೆದಿಡುತ್ತಾನೆ. ಅಳೆಯುವ ಸಾಧನಕ್ಕೂ ಒಂದು ಪಕ್ಷಪಾತವಿರುತ್ತದೆ ಎಂಬ ಎಚ್ಚರ ಅವನಿಗಿತ್ತು. ಇನ್ನೂ ಮುಂದುವರಿದು, ಪರೀಕ್ಷಿಸುವವನು ಉಗುರಿನ ಸಂದಿಯಲ್ಲಿ ಕಾವಿಯ ಪುಡಿ ಅಡಗಿಸಿಕೊಂಡು ಗೆರೆಯ ಮೇಲೆ ಉದುರಿಸಿ ಬಣ್ಣ ಕಟ್ಟುವ ಮೋಸವನ್ನೂ ಹೆಸರಿಸುತ್ತಾನೆ. ಉಗುರಿನ ಸಂದಿಯ ಈ ಕಾವಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇರೆ ರೂಪದಲ್ಲಿ ಬರುತ್ತದೆ.

ಅನಿಲದ ಕಲಬೆರಕೆಯನ್ನು ಪತ್ತೆಹಚ್ಚಿದ ಪ್ರಸಿದ್ಧ ಪ್ರಸಂಗ ನಡೆದದ್ದು ಇಂಗ್ಲೆಂಡಿನಲ್ಲಿ. ಲಾರ್ಡ್ ರೇಲಿ ಎಂಬ ವಿಜ್ಞಾನಿ ಸಾರಜನಕದ ತೂಕವನ್ನು ಕರಾರುವಾಕ್ಕಾಗಿ ಅಳೆಯಲು ಹೊರಟಿದ್ದ. ಒಂದೇ ಗಾಜಿನ ಬುರುಡೆಯಲ್ಲಿ, ಗಾಳಿಯಿಂದ ತೆಗೆದ ಸಾರಜನಕ ಸುಮಾರು 2.310 ಗ್ರಾಂ ತೂಗಿದರೆ ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ಸುಮಾರು 2.299 ಗ್ರಾಂ ತೂಗುತ್ತಿತ್ತು. ಬೇರೆಯವರಾಗಿದ್ದರೆ ತಕ್ಕಡಿಯ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ. ರೇಲಿ ಬಿಡಲಿಲ್ಲ. 1892ರಲ್ಲಿ 'ನೇಚರ್' ಪತ್ರಿಕೆಗೆ ಕಾಗದ ಬರೆದು, ಇದೇಕೆ ಹೀಗೆ ಎಂದು ಬಲ್ಲವರನ್ನು ಕೇಳಿದ. ರಾಮ್ಸೆಯೊಡನೆ ಕೂಡಿ ಶೋಧಿಸಿದಾಗ 1894ರಲ್ಲಿ ಗೊತ್ತಾದದ್ದು, ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಯಾರೂ ಅರಿಯದ ಅನಿಲವೊಂದು ಅಡಗಿತ್ತು ಎಂಬುದು. ಅದೇ ಆರ್ಗಾನ್. ಅದಕ್ಕೂ ನೂರು ವರ್ಷ ಮೊದಲೇ, 1785ರಲ್ಲಿ, ಕ್ಯಾವೆಂಡಿಷ್ ಗಾಳಿಯ ಮೇಲೆ ವಿದ್ಯುತ್ ಕಿಡಿಗಳನ್ನು ಹಾಯಿಸಿ, ಏನು ಮಾಡಿದರೂ ಕರಗದ ಒಂದು ಸಣ್ಣ ಗುಳ್ಳೆ ಉಳಿಯುತ್ತದೆ ಎಂದು ಬರೆದಿಟ್ಟಿದ್ದ. ಆ ಗುಳ್ಳೆಯನ್ನು ನೂರು ವರ್ಷ ಯಾರೂ ಬೆನ್ನುಹತ್ತಲಿಲ್ಲ. ನಾವು ಪ್ರತಿಯೊಂದು ಉಸಿರಿನಲ್ಲೂ ಒಳಗೆಳೆದುಕೊಳ್ಳುವ ವಸ್ತುವಿನಲ್ಲಿ ನೂರಕ್ಕೊಂದು ಪಾಲು ಅಷ್ಟು ಕಾಲ ಲೆಕ್ಕಕ್ಕೆ ಸಿಗದೆ ಉಳಿದಿತ್ತು! ಚಿಪ್ಪಿಗೆ ಬೇಕಾದ ಸಿಲಿಕಾನ್ ಹರಳನ್ನು ಇಂದು ಬೆಳೆಸುವುದು ಈ ಆರ್ಗಾನಿನ ಆವರಣದಲ್ಲಿಯೇ. ಅಂದು ಕಲಬೆರಕೆಯಾಗಿ ಸಿಕ್ಕಿದ್ದನ್ನು ಈಗ ಕಲಬೆರಕೆಯಿಂದ ಕಾಯಬೇಕಾಗಿದೆ.

ಇದಕ್ಕೆ ಎದುರಾದ ಪ್ರಸಂಗವೊಂದು ನಮ್ಮ ದೇಶದಲ್ಲೇ ನಡೆದಿದೆ. 1923ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಬೆಳಕು ಚದುರುವುದನ್ನು ನೋಡುತ್ತಿದ್ದಾಗ, ಇರಬಾರದ ಒಂದು ಮಸುಕು ಬೆಳಕು ಕಾಣಿಸಿಕೊಂಡಿತು. ದ್ರವದಲ್ಲಿ ಏನೋ ಕಲ್ಮಶ ಸೇರಿದೆ ಎಂದೇ ಮೊದಲ ಅನುಮಾನ. ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಮಾಡಿದರೂ ಅದು ಹೋಗಲಿಲ್ಲ. ಶುದ್ಧಿಯ ಈ ಹಟವೇ, ಅದು ಕಲ್ಮಶದ ಕೆಲಸವಲ್ಲ, ಅಣುವಿನ ಸ್ವಂತ ಸಹಿ ಎಂಬ 1928ರ ಶೋಧಕ್ಕೆ ದಾರಿ ಮಾಡಿತು. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. ಅವರ ಹೆಸರಿನ ಪರಿಣಾಮವನ್ನು ಬಳಸಿ ಅನಿಲಗಳ ಬೆರಕೆಯನ್ನು ಗುರುತಿಸುವ ಯಂತ್ರಗಳು ಈಗ ಬಳಕೆಯಲ್ಲಿವೆ.

ಬೆಂಗಳೂರಿನ ಮಾತು ಬಂತು. ನಮ್ಮ ನಾಡಿನಲ್ಲಿ ಅರೆವಾಹಕಗಳ ತಯಾರಿಕೆ ಬೇರೂರಿದ್ದು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ. 1954ರಲ್ಲಿ ಹುಟ್ಟಿದ ಈ ಸಂಸ್ಥೆ 1962ರಲ್ಲಿ ಜರ್ಮೇನಿಯಂ ಸಾಧನಗಳನ್ನೂ 1967ರ ಹೊತ್ತಿಗೆ ಸಿಲಿಕಾನ್ ಸಾಧನಗಳನ್ನೂ ಮಾಡತೊಡಗಿತು. ಮನೆಮನೆಯ ಟ್ರಾನ್ಸಿಸ್ಟರ್ ರೇಡಿಯೋದ ಕಾಲ ಅದು. ಟ್ರಾನ್ಸಿಸ್ಟರಿನ ಗುಟ್ಟು ಇರುವುದೇ ಕಲಬೆರಕೆಯಲ್ಲಿ. ಶುದ್ಧ ಸಿಲಿಕಾನಿಗೆ ಬೋರಾನನ್ನೋ ರಂಜಕವನ್ನೋ ಬೇಕೆಂದೇ ಬೆರೆಸುತ್ತಾರೆ. ಎಷ್ಟು? ಐದು ಕೋಟಿ ಸಿಲಿಕಾನ್ ಪರಮಾಣುಗಳ ನಡುವೆ ಒಂದೇ ಒಂದು ಅನ್ಯ ಪರಮಾಣು ಸೇರಿದರೂ ಅದರ ಗುಣ ಎದ್ದು ತೋರುತ್ತದೆ. ಬೇಕೆಂದು ಹಾಕುವುದೇ ಇಷ್ಟು ಅಲ್ಪವಾದರೆ, ಬೇಡದೆ ನುಸುಳುವುದು ಅದಕ್ಕಿಂತಲೂ ಎಷ್ಟೋ ಪಾಲು ಕಡಿಮೆಯಿರಬೇಕಲ್ಲವೇ? ನಾವು ಕೊಳ್ಳುವ 916 ಮುದ್ರೆಯ ಬಂಗಾರದಲ್ಲಿ ಸಾವಿರಕ್ಕೆ 84 ಪಾಲು ಬೇರೆ ಲೋಹವಿರುತ್ತದೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಚಿಪ್ಪಿನ ಕಾರ್ಖಾನೆಯಲ್ಲಿ ಹರಿಯುವ ಸಾರಜನಕ 99.9999999ರಷ್ಟು ಶುದ್ಧವಿರಬೇಕೆಂದು ಕೇಳುತ್ತಾರೆ.

ಅನಿಲಗಳ ಮೇಲೆಯೇ ಇಷ್ಟೊಂದು ನಿಗಾ ಏಕೆಂದರೆ ಅಲ್ಲಿಯ ಕೆಲಸವೆಲ್ಲ ನಡೆಯುವುದು ಅನಿಲಗಳಿಂದ. ಸಿಲಿಕಾನೇ ಅನಿಲದಿಂದ ಹುಟ್ಟುತ್ತದೆ. ಮರಳಿನಿಂದ ತೆಗೆದ ಒರಟು ಸಿಲಿಕಾನನ್ನು ಟ್ರೈಕ್ಲೋರೋಸಿಲೇನ್ ಎಂಬ ಬೇಗ ಆವಿಯಾಗುವ ದ್ರವವಾಗಿ ಮಾರ್ಪಡಿಸಿ, ಬಟ್ಟಿಯಿಳಿಸಿ, ಅದರ ಆವಿಯನ್ನು ಜಲಜನಕದೊಡನೆ ಕಾದ ಕಂಬಿಗಳ ಮೇಲೆ ಹಾಯಿಸಿದರೆ ಶುದ್ಧ ಸಿಲಿಕಾನ್ ಹೆಪ್ಪುಗಟ್ಟುತ್ತದೆ. ಈ ವಿದ್ಯೆಯನ್ನು ಹೊರಗಿನವರಿಂದ ಕೊಳ್ಳದೆ ನಾವೇ ಸಾಧಿಸಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಪ್ರೊ. ಎ.ಆರ್. ವಾಸುದೇವಮೂರ್ತಿಯವರು ಪಣತೊಟ್ಟು ದುಡಿದರು. ಅವರ ವಿಧಾನವನ್ನು ಹಿಡಿದು ಕಾವೇರಿ ದಂಡೆಯ ಮೆಟ್ಟೂರಿನಲ್ಲಿ ಮೆಟ್ಕೆಮ್ ಎಂಬ ಕಾರ್ಖಾನೆ 1980ರ ದಶಕದಲ್ಲಿ ಸಿಲಿಕಾನ್ ತಯಾರಿಸಿತು. ಅದೇ ವೇಳೆಗೆ ಅಮೆರಿಕದಿಂದ ಈ ತಂತ್ರಜ್ಞಾನವನ್ನು ತರಿಸಬೇಕೋ ಬೇಡವೋ ಎಂದು ದೊಡ್ಡ ವಾಗ್ವಾದವೇ ನಡೆಯಿತು. ಅದರ ವಿವರ ಇಲ್ಲಿ ಬೇಡ. ಇಂಥ ಕೆಲಸದಲ್ಲಿ ಬಳಸುವ ಜಲಜನಕದಲ್ಲಿ ಒಂದಿಷ್ಟು ತೇವವಿದ್ದರೂ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂಬುದಷ್ಟೇ ನಮಗೆ ಮುಖ್ಯ.

ತೇವವೇ ಇಲ್ಲಿಯ ದೊಡ್ಡ ಶತ್ರು. ಸಿರಸಂಗಿಯ ಎರೆಹೊಲದ ರೈತನಿಗೆ ಹಿಂಗಾರಿ ಜೋಳವನ್ನು ಸಾಕುವ ಇಬ್ಬನಿ ವರವಾದರೆ, ಚಿಪ್ಪಿನ ಕಾರ್ಖಾನೆಯವನಿಗೆ ಅದೇ ಶಾಪ. ಸಿಲಿಕಾನ್ ಬಿಲ್ಲೆಯ ಮೇಲೆ ತೆಳುಪದರ ಬೆಳೆಸುವಾಗ ನೀರಾವಿಯೋ ಆಮ್ಲಜನಕವೋ ಸೇರಿದರೆ ಪದರದಲ್ಲಿ ಮಬ್ಬು ಕಟ್ಟುತ್ತದೆ, ಹರಳಿನ ಜೋಡಣೆ ತಪ್ಪುತ್ತದೆ. ಸಿಲೇನ್ ಅನಿಲದ ಕೊಳವೆಗೆ ಆಮ್ಲಜನಕ ನುಸುಳಿದರೆ ಒಳಗೇ ಮರಳಿನ ಸಣ್ಣ ಧೂಳು ಹುಟ್ಟುತ್ತದೆ. ಕಣ್ಣಿಗೆ ಕಾಣದ ಗೆರೆಗಳನ್ನು ಕೊರೆಯುವ ಜಾಗದಲ್ಲಿ ಅಂಥ ಒಂದು ಕಣ ಎಂದರೆ ಗದ್ದೆಯ ಕಾಲುವೆಗೆ ಬಂಡೆ ಉರುಳಿದ ಹಾಗೆ.

ನೀರಾವಿಯನ್ನು ಅಳೆಯುವ ಹಳೆಯ ಉಪಾಯ ನಮಗೆಲ್ಲ ಗೊತ್ತಿರುವಂಥದೇ. ತಂಬಿಗೆಯಲ್ಲಿ ತಣ್ಣೀರು ತುಂಬಿಟ್ಟರೆ ಹೊರಮೈ ಬೆವರುತ್ತದೆ. ಎಷ್ಟು ತಣ್ಣಗಾದಾಗ ಬೆವರಿತು ಎಂದು ನೋಡಿದರೆ ಗಾಳಿಯಲ್ಲಿ ತೇವ ಎಷ್ಟಿತ್ತೆಂದು ಲೆಕ್ಕ ಹಾಕಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಡೇನಿಯಲ್, ರೆನ್ಯೊ ಮೊದಲಾದವರು ಮಾಡಿದ ತೇವಮಾಪಕಗಳ ತತ್ವ ಇದೇ. ಆದರೆ ಹತ್ತು ಲಕ್ಷದಲ್ಲಿ ಒಂದು ಪಾಲು ನೀರಾವಿಯಿರುವ ಅನಿಲದಲ್ಲಿ ಕನ್ನಡಿ ಬೆವರಬೇಕಾದರೆ ಅದನ್ನು ಶೂನ್ಯಕ್ಕಿಂತ ಕೆಳಗೆ 76 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಬೇಕು. ನೂರು ಕೋಟಿಯಲ್ಲಿ ಒಂದು ಪಾಲಿಗಾದರೆ ಮೈನಸ್ 110 ಡಿಗ್ರಿಗೂ ಕೆಳಗೆ. 1950ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಕೀಡೆಲ್ ಎಂಬಾತ ಬೇರೊಂದು ದಾರಿ ಹಿಡಿದ. ಅನಿಲದ ತೇವವನ್ನೆಲ್ಲ ಹೀರಿಕೊಳ್ಳುವ ರಂಜಕದ ಪೆಂಟಾಕ್ಸೈಡನ್ನು ಎರಡು ಪ್ಲಾಟಿನಂ ತಂತಿಗಳ ನಡುವೆ ಸವರಿ ವಿದ್ಯುತ್ ಹರಿಸಿದ. ಹೀರಿದ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ, ಒಡೆಯಲು ತಗುಲಿದ ವಿದ್ಯುತ್ತನ್ನು ಅಳೆದರೆ ನೀರಿನ ಲೆಕ್ಕ ಸಿಕ್ಕಿತು. ಸರಳ, ಗಟ್ಟಿಮುಟ್ಟು. ಬಹುಕಾಲ ಇದೇ ಕಾರ್ಖಾನೆಗಳ ಒರೆಗಲ್ಲಾಗಿತ್ತು.

ಇಲ್ಲಿ ಆ ಉಗುರಿನ ಸಂದಿಯ ಕಾವಿ ಮರಳಿ ಬರುತ್ತದೆ. ಅನಿಲವನ್ನು ಪರೀಕ್ಷೆಗೆ ಒಯ್ಯುವುದು ಉಕ್ಕಿನ ಕೊಳವೆಯಲ್ಲಿ. ನೀರಿನ ಅಣುವಿಗೆ ಉಕ್ಕಿನ ಗೋಡೆಯೆಂದರೆ ಬಿಡಿಸಲಾಗದ ನಂಟು. ಬೇಸಿಗೆಯ ಒಂದು ಸಾಧಾರಣ ದಿನದ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ನೀರಾವಿ ಇರುತ್ತದೆ. ಇದೆಂದರೆ ನೂರು ಕೋಟಿಯಲ್ಲಿ ಎರಡು ಕೋಟಿ! ಕೊಳವೆಯನ್ನು ಒಂದು ಸಲ ತೆರೆದು ಮುಚ್ಚಿದರೆ ಸಾಕು, ಗೋಡೆಗೆ ಅಂಟಿದ ನೀರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುತ್ತದೆ. ಮಾಪಕದ ಮುಳ್ಳು ಏರುತ್ತದೆ. ಅನಿಲ ಶುದ್ಧವಾಗಿಯೇ ಇತ್ತು, ಕೆಡಿಸಿದ್ದು ಪರೀಕ್ಷಿಸಲು ತಂದ ಕೊಳವೆ. ಇದಕ್ಕೆ ತದ್ವಿರುದ್ಧವೂ ಉಂಟು. ಒಣಗಿದ ಹೊಸ ಕೊಳವೆ ಅನಿಲದ ತೇವವನ್ನು ತಾನೇ ನುಂಗಿ, ಎಲ್ಲ ಸರಿಯಾಗಿದೆ ಎಂದು ಸುಳ್ಳು ಹೇಳುತ್ತದೆ. ಒಂದು ಕಲ್ಲು ಮಾರುವವನ ಪಕ್ಷ, ಇನ್ನೊಂದು ಕೊಳ್ಳುವವನ ಪಕ್ಷ. ಆದ್ದರಿಂದ ಅಳೆಯುವ ಯಂತ್ರವನ್ನು ಕಟ್ಟಿದವರಷ್ಟೇ ಶ್ರಮವನ್ನು ಕೊಳವೆ ಮಾಡುವವರೂ ಪಟ್ಟಿದ್ದಾರೆ. ಒಳಮೈಯನ್ನು ವಿದ್ಯುತ್ತಿನಿಂದ ಕನ್ನಡಿಯಂತೆ ನಯಗೊಳಿಸುವುದು, ಬಿಸಿಮಾಡಿ ಒಣಗಿಸುವುದು, ಮೂಲೆಮುಡುಕುಗಳಿಲ್ಲದಂತೆ ಬೆಸೆಯುವುದು ಇವೆಲ್ಲ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದವು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಡಾಹಿರೊ ಓಮಿ ಈ ಶಾಸ್ತ್ರದ ಹಿರಿಯರಲ್ಲಿ ಒಬ್ಬರು. 1980ರ ದಶಕದಲ್ಲಿ ಜಪಾನಿನ ಮೆಮೊರಿ ಚಿಪ್ಪುಗಳು ಜಗತ್ತಿನ ಮಾರುಕಟ್ಟೆಯನ್ನು ಹಿಡಿದದ್ದರಲ್ಲಿ ಇಂಥ ಹಟದ ಶುಚಿತ್ವದ ಪಾಲೂ ಇತ್ತೆಂದು ನನಗನ್ನಿಸುತ್ತದೆ.

ನೂರು ಕೋಟಿಯಲ್ಲಿ ಒಂದನ್ನು ಹಿಡಿಯುವ ಯಂತ್ರದ ಕಲ್ಪನೆ ಹುಟ್ಟಿದ್ದು ಮಾತ್ರ ಚಿಪ್ಪಿನ ಕಾರ್ಖಾನೆಯಲ್ಲಲ್ಲ, ಒಂದು ವೈದ್ಯಕೀಯ ಕಾಲೇಜಿನಲ್ಲಿ. 1973ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ಕಾಲೇಜಿನ ಹಾರ್ನಿಂಗ್ ಮತ್ತು ಸಂಗಡಿಗರು, ಜೀವದ್ರವಗಳಲ್ಲಿನ ಅತ್ಯಲ್ಪ ಪ್ರಮಾಣದ ವಸ್ತುಗಳನ್ನು ಗುರುತಿಸಲು ವಾತಾವರಣದ ಒತ್ತಡದಲ್ಲೇ ಅಣುಗಳಿಗೆ ವಿದ್ಯುದಂಶ ಕೊಡುವ ಉಪಾಯ ಕಂಡುಕೊಂಡರು. ಅದು ಕೆಲಸಮಾಡುವ ಬಗೆ ಹಳ್ಳಿಯ ಚಾಡಿಮಾತಿನ ಬಗೆಯೇ. ಕಟ್ಟೆಯ ಮೇಲೆ ಒಬ್ಬನ ಕಿವಿಗೆ ಬಿದ್ದ ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತ, ಕಡೆಗೆ ಅದನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವವನ ಬಳಿ ನಿಲ್ಲುತ್ತದೆ. ಹಾಗೆಯೇ ಆರ್ಗಾನಿಗೆ ಕೊಟ್ಟ ವಿದ್ಯುದಂಶ ಅಣುಗಳ ಲೆಕ್ಕವಿಲ್ಲದ ಡಿಕ್ಕಿಗಳಲ್ಲಿ, ಅದನ್ನು ಬಿಗಿಯಾಗಿ ಹಿಡಿದಿಡಬಲ್ಲ ನೀರಿನ ಅಥವಾ ಆಮ್ಲಜನಕದ ಅಣುವಿಗೆ ದಾಟಿ ಅಲ್ಲೇ ಉಳಿಯುತ್ತದೆ. ಕೋಟಿ ಕೋಟಿ ಆರ್ಗಾನ್ ಅಣುಗಳ ಗುಂಪಿನಲ್ಲಿ ಕಲಬೆರಕೆಯ ಅಣುಗಳೇ ಗುರುತು ಹೊತ್ತು ನಿಲ್ಲುತ್ತವೆ. ಮುಂದೆ ಅವುಗಳನ್ನು ತೂಕದ ಪ್ರಕಾರ ವಿಂಗಡಿಸುವುದು, ಆಸ್ಟನ್ 1919ರಲ್ಲೇ ಕಟ್ಟಿದ್ದ ದ್ರವ್ಯರಾಶಿ ರೋಹಿತಮಾಪಕದ ಜಾತಿಯ ಯಂತ್ರದ ಕೆಲಸ. ಜಪಾನಿನ ಹಿಟಾಚಿಯವರು ಇದನ್ನು ಅನಿಲಗಳ ಪರೀಕ್ಷೆಗೆ ಒಗ್ಗಿಸಿಕೊಂಡ ಮೇಲೆ, ನೂರು ಕೋಟಿಯಲ್ಲಿ ಒಂದು ಪಾಲಿರಲಿ, ಅದರ ನೂರರಲ್ಲೊಂದು ಪಾಲೂ ಕಾಣತೊಡಗಿತು. ಆದರೂ ಗರ್ವಪಡುವ ಹಾಗಿಲ್ಲ. ನೂರು ಕೋಟಿಯಲ್ಲಿ ಒಂದು ಎಂದು ನಾವು ಶುದ್ಧಿಯ ಪ್ರಮಾಣಪತ್ರ ಕೊಟ್ಟ ಅನಿಲದ ಒಂದೊಂದು ಘನ ಸೆಂಟಿಮೀಟರಿನಲ್ಲೂ ಸುಮಾರು 2,500 ಕೋಟಿ ಅನ್ಯ ಅಣುಗಳು ಓಡಾಡುತ್ತಿರುತ್ತವೆ.

ಇನ್ನೊಂದು ಉಪಾಯ ಬೆಳಕಿನದು. ಗುಡಿಯ ಗಂಟೆಯನ್ನು ಬಾರಿಸಿ ಬಿಟ್ಟರೆ ನಾದ ಬಹಳ ಹೊತ್ತು ಉಳಿಯುತ್ತದೆ. ಅದರ ಅಂಚಿಗೆ ಬೆರಳು ತಾಗಿಸಿದರೆ ಬೇಗ ಅಡಗುತ್ತದೆ. 1988ರಲ್ಲಿ ಓಕೀಫ್ ಮತ್ತು ಡೀಕನ್ ಎಂಬ ಅಮೆರಿಕನ್ನರು ಇದೇ ರೀತಿ ಬೆಳಕನ್ನು 'ಬಾರಿಸಿ' ನೋಡಿದರು. ಎರಡು ಅತಿ ನಯವಾದ ಕನ್ನಡಿಗಳ ನಡುವೆ ಅನಿಲ ತುಂಬಿ ಲೇಸರ್ ಬೆಳಕಿನ ಒಂದು ತುಣುಕನ್ನು ಒಳಗೆ ಬಿಟ್ಟರೆ ಅದು ಹಿಂದಕ್ಕೂ ಮುಂದಕ್ಕೂ ಪುಟಿಯುತ್ತ ನಿಧಾನವಾಗಿ ಆರುತ್ತದೆ. ಅರ್ಧ ಮೀಟರ್ ಉದ್ದದ ನಳಿಕೆಯಲ್ಲಿ ಕನ್ನಡಿ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಬೆಳಕನ್ನು ಕಳೆಯುವಂತಿದ್ದರೆ, ಆರುವ ಮುನ್ನ ಬೆಳಕು ಸುಮಾರು 5 ಕಿಲೋಮೀಟರ್ ನಡೆದಿರುತ್ತದೆ. ಅಷ್ಟು ದಾರಿಯಲ್ಲಿ ಒಂದಿಷ್ಟು ನೀರಾವಿ ಸಿಕ್ಕರೂ ಅದು ಬೆಳಕನ್ನು ಹೀರುತ್ತದೆ, ಬೆಳಕು ಬೇಗ ಆರುತ್ತದೆ. ಎಷ್ಟು ಬೇಗ ಎಂಬುದೇ ಅಳತೆ. ಇಲ್ಲಿಯ ಕಾಲಮಾನ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಹೊಸ ಕಾರ್ಖಾನೆಗಳಲ್ಲಿ ತೇವವನ್ನು ಹಗಲಿರುಳು ಕಾಯುವ ಕೆಲಸ ಇಂಥ ಯಂತ್ರಗಳದ್ದು.

ಕೊಳವೆಯೊಳಗಿನ ಅನಿಲವನ್ನು ಕಾದರೆ ಮುಗಿಯಲಿಲ್ಲ, ಕೋಣೆಯ ಗಾಳಿಯನ್ನೂ ಕಾಯಬೇಕು. ಚಿಪ್ಪಿನ ಮೇಲೆ ಬೆಳಕಿನಿಂದ ಗೆರೆ ಮೂಡಿಸಲು ಬಳಸುವ ಹೊಸ ಬಗೆಯ ಲೇಪಗಳು 1980ರ ದಶಕದಲ್ಲಿ ಬಳಕೆಗೆ ಬಂದಾಗ, ಅವು ಒಮ್ಮೆ ಸರಿಯಾಗಿ, ಒಮ್ಮೆ ಕೆಟ್ಟು ಎಂಜಿನಿಯರುಗಳನ್ನು ಸತಾಯಿಸಿದವು. ಕಾರಣ ಹುಡುಕಿದರೆ ಗಾಳಿಯಲ್ಲಿದ್ದ ಅಮೋನಿಯ ಮತ್ತು ಅದರ ಬಂಧುಗಳು. ನೂರು ಕೋಟಿಯಲ್ಲಿ ಹತ್ತಿಪ್ಪತ್ತು ಪಾಲು ಇದ್ದರೂ ಲೇಪದ ಮೇಲ್ಮೈ ಕೆಡುತ್ತಿತ್ತು. ಗೋಡೆಯ ಬಣ್ಣ, ನೆಲದ ಅಂಟು, ಕಡೆಗೆ ಕೆಲಸಗಾರನ ಉಸಿರು ಎಲ್ಲವೂ ಅಪರಾಧಿಗಳೇ. ಇದ್ದಿಲಿನ ಶೋಧಕಗಳನ್ನು ಹಾಕಿ ಗಾಳಿಯನ್ನು ಸೋಸಬೇಕಾಯಿತು. ಊದುಗೊಳವೆಗೆ ಬಾಯಿಟ್ಟು ಉಸಿರೂದಿ ಒಡವೆ ಮಾಡುವ ಪತ್ತಾರನಿಗೆ ಇದನ್ನು ಹೇಳಿದರೆ ನಕ್ಕಾನು.

ಇಷ್ಟು ಹೊತ್ತು ಹೇಳಿದ್ದು ಚಿಪ್ಪಿನ ರಕ್ಷಣೆಯ ಮಾತು. ಮನುಷ್ಯನ ರಕ್ಷಣೆಯ ಮಾತೂ ಇದೆ. ಸಿಲಿಕಾನಿಗೆ ಬೇಕಾದ ಕಲಬೆರಕೆಯನ್ನು ಬೆರೆಸಲು ಬಳಸುವ ಆರ್ಸೀನ್, ಫಾಸ್ಫೀನ್ ಅನಿಲಗಳು ಘೋರ ವಿಷ. ಆರ್ಸೀನ್ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತದೆ. ಅದಕ್ಕೆ ಬೆಳ್ಳುಳ್ಳಿಯಂಥ ವಾಸನೆಯಿದ್ದರೂ, ಮೂಗಿಗೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿ ಇರಬಹುದಾದ ಮಿತಿ ದಾಟಿರುತ್ತದೆ. ಎಂಟು ತಾಸಿನ ದುಡಿಮೆಯಲ್ಲಿ ಸರಾಸರಿ ನೂರು ಕೋಟಿಗೆ 50 ಪಾಲು ಮೀರಕೂಡದೆಂದು ಅಮೆರಿಕದ ಕಾನೂನು ಹೇಳುತ್ತದೆ. ಈ ವಿಷವನ್ನು ಗುರುತಿಸುವ ವಿದ್ಯೆಗೆ ಒಂದು ಕೊಲೆ ಮೊಕದ್ದಮೆಯ ಹಿನ್ನೆಲೆಯಿದೆ. 1833ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೋಡಲ್ ಎಂಬವನ ಮೇಲೆ, ಅಜ್ಜನಿಗೆ ಕಾಫಿಯಲ್ಲಿ ಪಾಷಾಣ ಹಾಕಿ ಕೊಂದ ಆಪಾದನೆ ಬಂತು. ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞ ಪಾಷಾಣವನ್ನು ಪತ್ತೆಹಚ್ಚಿದರೂ, ನ್ಯಾಯಾಲಯದಲ್ಲಿ ತೋರಿಸುವ ಹೊತ್ತಿಗೆ ಅವನ ಮಾದರಿ ಕೆಟ್ಟುಹೋಗಿ ಆರೋಪಿ ಬಿಡುಗಡೆಯಾದ. ಮಾರ್ಷ್ ಸುಮ್ಮನೆ ಕೂಡಲಿಲ್ಲ. ಪಾಷಾಣವನ್ನು ಆರ್ಸೀನ್ ಅನಿಲವಾಗಿಸಿ, ಉರಿಸಿ, ಪಿಂಗಾಣಿಯ ಮೇಲೆ ಅಳಿಯದ ಕಪ್ಪು ಕಲೆಯಾಗಿ ಬೀಳಿಸುವ ವಿಧಾನವನ್ನು 1836ರಲ್ಲಿ ಪ್ರಕಟಿಸಿದ. ಆ ಕಲೆ ಮುಂದೆ ಕಾಗದದ ಮೇಲೂ ಬಿದ್ದಿತು. ಇಂದಿಗೂ ಅನೇಕ ಚಿಪ್ ಕಾರ್ಖಾನೆಗಳಲ್ಲಿ ಔಷಧ ಸವರಿದ ಕಾಗದದ ಪಟ್ಟಿಯೊಂದು ಯಂತ್ರದೊಳಗೆ ಮೆಲ್ಲನೆ ಸುರುಳಿ ಬಿಚ್ಚುತ್ತಿರುತ್ತದೆ. ಕೋಣೆಯ ಗಾಳಿಯಲ್ಲಿ ಆರ್ಸೀನ್ ಸೋರಿದ್ದರೆ ಪಟ್ಟಿಯ ಮೇಲೆ ಬಣ್ಣ ಮೂಡುತ್ತದೆ, ಬೆಳಕು ಅದನ್ನು ಓದುತ್ತದೆ, ಗಂಟೆ ಬಾರಿಸುತ್ತದೆ. ಗೆರೆಯ ಬಣ್ಣ ನೋಡಿ ಗುಣ ಹೇಳುವ ಒರೆಗಲ್ಲಿನ ವಿದ್ಯೆ ಇಲ್ಲಿ ಕಾಗದದ ಮೇಲೆ ಬಂದು ಕೂತಿದೆ.

ಹೀಗೆ ಸುತ್ತಿ ಬಂದರೆ ಪತ್ತಾರನ ಅಂಗಡಿ ಕಾಣುತ್ತದೆ. ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಪೇಟೆಗಳ ಫಲಕಗಳಲ್ಲಿ 'ಕೆಡಿಎಂ ಬಂಗಾರ' ಎಂಬ ಮಾತು ಮೆರೆಯುತ್ತಿತ್ತು. ಅದೇನೋ ಶುದ್ಧಿಯ ದೊಡ್ಡ ಬಿರುದು ಎಂದು ಗಿರಾಕಿಗಳು ತಿಳಿದಿದ್ದರು. ಅದು ಕ್ಯಾಡ್ಮಿಯಂ ಎಂಬುದರ ಅಪಭ್ರಂಶ. ಒಡವೆಯ ಕೊಂಡಿ ಬೆಸೆಯಲು ಹಿಂದೆ ತಾಮ್ರ, ಬೆಳ್ಳಿ ಹೆಚ್ಚಾಗಿ ಬೆರೆಸಿದ ಬೆಸುಗೆ ಬಳಸುತ್ತಿದ್ದುದರಿಂದ ಬಂಗಾರದ ಮಟ್ಟ ಇಳಿಯುತ್ತಿತ್ತು. ಬಂಗಾರಕ್ಕೆ ಒಂದಿಷ್ಟೇ ಕ್ಯಾಡ್ಮಿಯಂ ಸೇರಿಸಿದರೆ ಬೆಸುಗೆ ಸುಲಭವಾಗಿ ಕರಗುತ್ತದೆ, ಒಡವೆಯ ಮಟ್ಟವೂ ಉಳಿಯುತ್ತದೆ. ಆದರೆ ಬೆಸೆಯುವಾಗ ಕ್ಯಾಡ್ಮಿಯಂ ಹೊಗೆಯಾಗಿ ಹಾರುತ್ತದೆ. 767 ಡಿಗ್ರಿಯಲ್ಲೇ ಕುದಿಯುವ ಲೋಹ ಅದು. ಹಾರಿ ಎಲ್ಲಿಗೆ ಹೋಗುತ್ತದೆ? ಎದುರಿಗೆ ಕೂತು ಊದುತ್ತಿರುವವನ ಎದೆಗೆ. ಗಿರಾಕಿಯ ಸರ ಶುದ್ಧವಾಯಿತು, ಪತ್ತಾರನ ಪುಪ್ಪುಸ, ಮೂತ್ರಪಿಂಡಗಳಲ್ಲಿ ಕಲಬೆರಕೆ ಸೇರಿತು. ಕ್ಯಾಡ್ಮಿಯಂ ಮನುಷ್ಯನಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲೇ ಸಾರಿದೆ.

ಲೆಕ್ಕ ಹಾಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ದುಡಿಯುವ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಬಾರದೆಂದು 1992ರಿಂದ ಅಮೆರಿಕದ ನಿಯಮ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮುಚ್ಚಿದ ಕೋಣೆಯೊಂದು ಈ ಮಿತಿಯನ್ನು ಮುಟ್ಟಲು 180 ಮೈಕ್ರೋಗ್ರಾಂ ಹೊಗೆ ಸಾಕು. ಅದು ಒಂದು ಸಾಸಿವೆ ಕಾಳಿನ ತೂಕದ ಹತ್ತರಲ್ಲೊಂದು ಪಾಲೂ ಆಗದು. ಕೆಡಿಎಂ ಭರಾಟೆಯ ಆ ವರ್ಷಗಳಲ್ಲಿ ಗಿರಾಕಿಯ ಬಂಗಾರವನ್ನು ಒರೆಗೆ ಹಚ್ಚಿದವರು ಲಕ್ಷಾಂತರ ಮಂದಿ. ಅಗ್ಗಿಷ್ಟಿಕೆಯ ಮುಂದಿನ ಗಾಳಿಯನ್ನು ಒರೆಗೆ ಹಚ್ಚುವ ಪದ್ಧತಿ ಮಾತ್ರ ಯಾವ ಪೇಟೆಯಲ್ಲೂ ಬೆಳೆಯಲಿಲ್ಲ. ಸಿಲಿಕಾನ್ ಬಿಲ್ಲೆಗೆ ಸಿಕ್ಕ ಕಾವಲು ಪತ್ತಾರನ ಉಸಿರಿಗೆ ಸಿಗದೆ ಹೋದದ್ದಕ್ಕೆ ಯಂತ್ರದ ಕೊರತೆ ಕಾರಣವಲ್ಲ. ಬಿಲ್ಲೆ ಕೆಟ್ಟರೆ ನಷ್ಟ ಯಾರದೆಂದು ಕಾರ್ಖಾನೆಯ ಲೆಕ್ಕಪುಸ್ತಕ ಅಂದೇ ಹೇಳುತ್ತದೆ. ಪತ್ತಾರ ಕೆಮ್ಮಿದರೆ ಅದನ್ನು ಬರೆದುಕೊಳ್ಳುವ ಪುಸ್ತಕವೇ ಇಲ್ಲ.

ಈಗಿನ ಹಾಲ್‌ಮಾರ್ಕ್ ನಿಯಮಗಳಲ್ಲಿ ಕ್ಯಾಡ್ಮಿಯಂಗೆ ಜಾಗವಿಲ್ಲ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾದ ಮೇಲೆ ಸತುವು ಮೊದಲಾದವುಗಳ ಬೆಸುಗೆ ಬಳಕೆಗೆ ಬಂದಿದೆ. ಆದರೂ ಬಂಗಾರ ಶುದ್ಧಿಮಾಡುವಾಗ ನೈಟ್ರಿಕ್ ಆಮ್ಲದಿಂದ ಏಳುವ ಕಂದುಬಣ್ಣದ ಹೊಗೆ ಹೋಗಿಲ್ಲ. ಅದು ನೈಟ್ರೋಜನ್ ಡೈಆಕ್ಸೈಡ್. ಕುಡಿದಾಗ ಬರೀ ಕೆಮ್ಮು ತರಿಸಿ, ಗಂಟೆಗಳು ಕಳೆದ ಮೇಲೆ ಪುಪ್ಪುಸದಲ್ಲಿ ನೀರು ತುಂಬಿಸಬಲ್ಲ ಅನಿಲ.

ಇದೇ ಅನಿಲವನ್ನು ಅಳೆಯುವ ಪುಟ್ಟ ಸಾಧನಗಳು ಈಗ ಚಿಪ್ಪಿನ ತಂತ್ರದಿಂದಲೇ ತಯಾರಾಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಪ್ರೊ. ನವಕಾಂತ ಭಟ್ ಮತ್ತು ಅವರ ತಂಡ ಲೋಹದ ಆಕ್ಸೈಡುಗಳ ತೆಳುಪದರದಿಂದ ಅನಿಲ ಸಂವೇದಕಗಳನ್ನು ರೂಪಿಸಿದ್ದಾರೆ. 2018ರ ಇನ್ಫೊಸಿಸ್ ಪ್ರಶಸ್ತಿ ಅವರಿಗೆ ಸಂದದ್ದು ಇಂಥ ಸಂವೇದಕಗಳ ಕೆಲಸಕ್ಕೇ. ಪದರಕ್ಕೆ ಅನಿಲ ತಾಗಿದರೆ ಅದರಲ್ಲಿ ಹರಿಯುವ ವಿದ್ಯುತ್ ಬದಲಾಗುತ್ತದೆ. ಅತಿ ಶುದ್ಧ ಅನಿಲಗಳನ್ನು ಹರಿಸಿ, ಅತಿ ಶುಚಿಯಾದ ಕೋಣೆಯಲ್ಲಿ ಮಾಡಿದ ಬಿಲ್ಲೆಯ ಚೂರು, ಅತಿ ಕೊಳಕಾದ ಗಾಳಿಯನ್ನು ಅಳೆಯಲು ಹೊರಗೆ ಬರುತ್ತದೆ. ಕ್ಯಾಡ್ಮಿಯಂನಂಥ ಲೋಹದ ಹೊಗೆಯನ್ನು ಇದು ಹಿಡಿಯದು. ಅದಕ್ಕೆ ಗಾಳಿಯನ್ನು ಶೋಧಕದ ಬಿಲ್ಲೆಯ ಮೂಲಕ ಹೀರಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಕಂದು ಹೊಗೆಯನ್ನು ಅಳೆಯುವುದಕ್ಕೆ ಈ ಜಾತಿಯ ಸಾಧನ ಸಾಕು. ಅದು ಬೆರಳಿನ ಉಗುರಿಗಿಂತ ಚಿಕ್ಕದಿರಬಲ್ಲದು, ಅಗ್ಗಿಷ್ಟಿಕೆಯ ಮೇಲಿನ ಗೋಡೆಯ ಒಂದು ಮೊಳೆಗೆ ತೂಗುಹಾಕುವಷ್ಟು ಹಗುರ. ಯುಗಾದಿಗೆ ಸಿರಸಂಗಿಯ ಗುಡಿಯ ಮುಂದೆ ನಾಡಿನ ಪತ್ತಾರರೆಲ್ಲ ಸೇರುವ ದಿನ ಯಾರಾದರೊಬ್ಬರು ಅಂಥದೊಂದನ್ನು ತಂದು ತೋರಿಸಿದರೆ, ಒರೆಗಲ್ಲನ್ನು ಬಲ್ಲ ಆ ಜನಕ್ಕೆ ಅದು ಏನೆಂದು ಬಿಡಿಸಿ ಹೇಳುವ ಅಗತ್ಯ ಬೀಳಲಾರದು.